ಹಾಯಿ ಇಲ್ಲದ ದೋಣಿ, ಸದ್ದಿಲ್ಲದ ತಿಟ್ಟು

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯನಿಗೆ ಒಂದು ವರ್ಷದಿಂದ ಒಂದೇ ಹುಚ್ಚು. ಕೆರಿಬಿಯನ್ ಸಮುದ್ರದಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡೀಬೇಕು, ಟೂರಿಸ್ಟ್ ಬಸ್ಸುಗಳಿಲ್ಲದ ಒಂದು ಪುಟ್ಟ ದ್ವೀಪಕ್ಕೆ ಹೋಗ್ಬೇಕು, ಒಂದು ವಾರ ಸುಮ್ನೆ ಕೂತು ಬರ್ಬೇಕು. ಅವನು ಆರಿಸಿಕೊಂಡಿರೋದು ಗ್ರೆನಾಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಅನ್ನೋ ದ್ವೀಪ. ಅಲ್ಲಿ ಈಗಲೂ ಸಮುದ್ರದ ದಂಡೆಯಲ್ಲೇ ಕೈಯಿಂದ ಮರದ ಹಾಯಿದೋಣಿ ಕಟ್ಟುತ್ತಾರಂತೆ. ಫೋಟೋ ತೋರಿಸಿ, 'ಎಷ್ಟು ಸೈಲೆಂಟ್ ಆಗಿದೆ ನೋಡು' ಅಂದ.

ಕುತೂಹಲಕ್ಕೆ ಆ ದ್ವೀಪದ ಇತಿಹಾಸ ಓದಿದೆ. ಆ ಸೈಲೆನ್ಸು ಅಲ್ಲಿ ಮೊದಲಿಂದ ಇದ್ದದ್ದಲ್ಲ. ಹದಿನೆಂಟನೇ ಶತಮಾನದಲ್ಲಿ ಅಲ್ಲಿ ಹತ್ತಿ ಮತ್ತು ಕಬ್ಬಿನ ತೋಟಗಳಿದ್ದವು, ತೋಟದ ತುಂಬ ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿದ್ದರು. 1838ರಲ್ಲಿ ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಆಮೇಲೆ ತೋಟಗಳು ಕ್ಷೀಣಿಸಿದವು, ದುಡಿಯುವ ಪ್ರಾಯದವರು ಕೆಲಸ ಹುಡುಕಿಕೊಂಡು ಬೇರೆ ದ್ವೀಪಗಳಿಗೆ ಹೋದರು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಬಂದು ಉಳಿದ ಮನೆಗಳ ಹೆಂಚು, ತಗಡುಗಳನ್ನೂ ಹಾರಿಸಿಕೊಂಡು ಹೋಯ್ತು. ಅಂದರೆ ನನ್ನ ಗೆಳೆಯ ದುಡ್ಡು ಕೊಟ್ಟು ಅನುಭವಿಸೋಕೆ ಹೊರಟಿರುವ ಮೌನಕ್ಕೆ ತಾರೀಕುಗಳಿವೆ, ಕಾರಣಗಳಿವೆ.

ಇದನ್ನು ಓದಿದ ಮೇಲೆ ನಮ್ಮ ಕಡೆಯ ನಡುಗಡ್ಡೆಗಳೂ ನನಗೆ ಬೇರೆ ಥರ ಕಾಣೋಕೆ ಶುರುವಾದವು. 'ನಮ್ಮ ಕಡೆ' ಅಂದ್ರೆ ಹೇಮಗಿರಿ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹೊಳೆಯ ದಡದ ಗುಡ್ಡ, ಗುಡ್ಡದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿ, ಕೆಳಗೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ. ಅಣೆಕಟ್ಟೆ ಅಂದ ತಕ್ಷಣ ಕೆ.ಆರ್.ಎಸ್. ಥರ ಗೇಟು, ಸೈರನ್ನು ಅಂದ್ಕೋಬೇಡಿ. ಇದು ಹೊಳೆಗೆ ಅಡ್ಡ ಕಟ್ಟಿದ ತಗ್ಗಿನ ಕಲ್ಲಿನ ಕಟ್ಟೆ, ಅಷ್ಟೇ. ನೀರನ್ನು ಒಂದಿಷ್ಟು ಎತ್ತರಕ್ಕೆ ತಡೆದು ನಾಲೆಗೆ ತಿರುಗಿಸುತ್ತೆ, ಮಿಕ್ಕಿದ್ದು ಕಟ್ಟೆಯ ಮೇಲಿಂದಲೇ ಹರಿದು ಕೆಳಗೆ ಬೀಳುತ್ತೆ. ಮಳೆಗಾಲದಲ್ಲಿ ಅದೇ ಜಲಪಾತ, ಅದೇ ಸೆಲ್ಫಿ ಪಾಯಿಂಟು. ಹೇಮಾವತಿ ಈ ಭಾಗದಲ್ಲಿ ಇಂಥ ಮೂರು ಕಟ್ಟೆಗಳನ್ನು ದಾಟುತ್ತಾಳೆ: ಮಂದಗೆರೆ, ಹೇಮಗಿರಿ, ಅಕ್ಕಿಹೆಬ್ಬಾಳು. ದೊಡ್ಡ ಡ್ಯಾಮುಗಳು ಬರುವ ಮೊದಲು ಈ ಸೀಮೆಯ ಗದ್ದೆಗಳು ಬದುಕಿದ್ದೇ ಇಂಥ ಕಟ್ಟೆ-ನಾಲೆಗಳಿಂದ.

ಕಟ್ಟೆಯ ಹಿಂದೆ ನೀರು ನಿಂತಾಗ ಒಂದು ಅಡ್ಡ ಪರಿಣಾಮ ಆಗುತ್ತೆ. ಹೊಳೆಯ ನಡುವಿನ ಬಂಡೆಸಾಲು, ಮಣ್ಣುದಿಬ್ಬಗಳ ಸುತ್ತ ವರ್ಷವಿಡೀ ನೀರು ಇರುತ್ತೆ. ಬೇಸಿಗೆಯಲ್ಲಿ ನಡೆದು ಹೋಗಬಹುದಾಗಿದ್ದ ದಿಬ್ಬ ಈಗ ದೋಣಿ ಇಲ್ಲದೆ ಮುಟ್ಟಲಾಗದ ಜಾಗ ಆಗುತ್ತೆ. ನಮ್ಮ ಮೈಸೂರು-ಮಂಡ್ಯ ಕಡೆ ಇದಕ್ಕೆ 'ತಿಟ್ಟು' ಅಂತೀವಿ. ದ್ವೀಪ ಅನ್ನೋದು ಶಾಲೆಯ ಪುಸ್ತಕದ ಪದ, ತಿಟ್ಟು ಹೊಳೆಯವರ ಪದ. ಕರಾವಳಿಯವರು ಇದನ್ನೇ 'ಕುದ್ರು' ಅಂತಾರೆ, ರಾಯಚೂರು ಕಡೆಯವರು 'ಗಡ್ಡಿ' ಅಂತಾರೆ.

ಹೇಮಗಿರಿಯ ಕಟ್ಟೆ ದಾಟಿದ ನೀರು ಮುಂದೆ ಅಂಬಿಗರಹಳ್ಳಿ ಹತ್ತಿರ ಕಾವೇರಿಯನ್ನು ಸೇರುತ್ತೆ. ಲಕ್ಷ್ಮಣತೀರ್ಥವೂ ಅಲ್ಲಿಗೇ ಬರುತ್ತೆ. 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದಾಗ ಟಿವಿಯಲ್ಲಿ ನೀವು ಈ ಜಾಗ ನೋಡಿರ್ತೀರಿ. ಆಗ ಎಲ್ಲರೂ ತ್ರಿವೇಣಿ ಸಂಗಮದ ಬಗ್ಗೆ ಮಾತಾಡಿದರು. ನನಗೆ ಮಾತ್ರ ಊರಿನ ಹೆಸರೇ ಮುಖ್ಯ ಅನ್ನಿಸಿತ್ತು. ಅಂಬಿಗರ ಹಳ್ಳಿ. ಮೂರು ಹೊಳೆ ಕೂಡುವ ಕಡೆ ದಾಟಿಸುವವರು ಬೇಕೇ ಬೇಕು, ಅವರದ್ದೇ ಒಂದು ಊರು. ಹನ್ನೆರಡನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡವನು. ಅಷ್ಟು ಹಳೆಯ, ಅಷ್ಟು ಅಗತ್ಯವಾದ ಕಸುಬು ಅದು.

ಅವರ ದೋಣಿಗೆ ಹಾಯಿ ಇರಲಿಲ್ಲ. ಮುಂಭಾಗ ಹಿಂಭಾಗವೂ ಇರಲಿಲ್ಲ. ಪುಸ್ತಕದಲ್ಲಿ ಹರಿಗೋಲು, ನಮ್ಮ ಬಾಯಲ್ಲಿ ತೆಪ್ಪ. ಬಿದಿರು ಸೀಳಿ, ದೊಡ್ಡ ಮಂಕರಿ ಹೆಣೆದ ಹಾಗೆ ಗುಂಡಗೆ ಹೆಣೆದು, ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಡಾಂಬರು ಬಂದಿದೆ. ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ ತುಂಗಭದ್ರೆಯಲ್ಲಿ ಇದನ್ನೇ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂಥ ಗುಂಡು ದೋಣಿ, ಹದಿನೈದು ಇಪ್ಪತ್ತು ಜನ ಹತ್ತುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಾರೆ, ಹೋಗುವಾಗ ದೋಣಿ ಸುತ್ತುತ್ತಲೇ ಇರುತ್ತೆ ಅಂತ. ಐನೂರು ವರ್ಷದ ನಂತರ ಹಂಪಿಯಲ್ಲಿ ತೆಪ್ಪ ಹತ್ತಿದ ನಮ್ಮ ಟೀಮಿನವರೂ ಇನ್‌ಸ್ಟಾಗ್ರಾಮ್‌ನಲ್ಲಿ ಹೆಚ್ಚುಕಮ್ಮಿ ಇದನ್ನೇ ಬರೆದುಕೊಂಡರು.

ನೋಡೋಕೆ ಆಟದ ಸಾಮಾನಿನ ಥರ ಇದ್ದರೂ ತೆಪ್ಪದ ಹಿಂದೆ ಗಟ್ಟಿ ಎಂಜಿನಿಯರಿಂಗ್ ಇದೆ. ನಮ್ಮ ಹೊಳೆಗಳ ತುಂಬ ಬಂಡೆ. ಚೂಪು ಮೂತಿಯ, ಆಳಕ್ಕಿಳಿಯುವ ದೋಣಿ ತಂದರೆ ಮೊದಲ ಬಂಡೆಗೇ ಸೀಳಿ ಹೋಗುತ್ತೆ. ತೆಪ್ಪದ ತಳ ಅಗಲ, ನೀರಲ್ಲಿ ಮುಳುಗೋದು ಕೆಲವೇ ಇಂಚು. ಬಂಡೆಗೆ ತಾಗಿದರೆ ಬಿದಿರು ಬಳುಕುತ್ತೆ, ತೆಪ್ಪ ಸುತ್ತಿಕೊಂಡು ಪಕ್ಕಕ್ಕೆ ಜಾರುತ್ತೆ. ಪ್ರವಾಹದ ಜೊತೆ ಕೆಳಗೆ ಹೋದ ಅಂಬಿಗ, ದಡ ಹತ್ತಿ, ಅದನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಮೇಲಕ್ಕೆ ನಡೆದು ಬರಬಲ್ಲ. ಒಂದು ಸಲ ತೆಪ್ಪದಲ್ಲಿ ಫೋನ್ ಹಿಡ್ಕೊಂಡು ನಾನು ಏಳೋಕೆ ಹೋದಾಗ ಹುಟ್ಟು ಹಾಕ್ತಿದ್ದ ಯಜಮಾನರು, 'ಕುತ್ಕಳಿ ಸಾ, ನಿಂತ್ಕಬ್ಯಾಡಿ. ಇದು ಬಂಡೆ ತಡ್ಕತದೆ, ನಿಮ್ಮ ತಡ್ಕಳಲ್ಲ' ಅಂದರು.

ಈ ಹೊಳೆಯ ದೊಡ್ಡ ತಿಟ್ಟುಗಳಲ್ಲಿ ಒಂದು ಯಾವುದು ಗೊತ್ತಾ? ಶ್ರೀರಂಗಪಟ್ಟಣ. ಬೆಂಗಳೂರು-ಮೈಸೂರು ದಾರಿಯಲ್ಲಿ ನಾವು ಎಷ್ಟು ಸಲ ಅದನ್ನು ದಾಟಿದ್ದೀವೋ, ಆದರೆ 'ಈಗ ಒಂದು ದ್ವೀಪದ ಮೇಲಿದ್ದೀನಿ' ಅಂತ ಯಾರಿಗೂ ಅನ್ನಿಸಲ್ಲ. ಸೇತುವೆಗಳು ಹಾಗೆ ಮಾಡಿಬಿಟ್ಟಿವೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ನಡುವೆ ಸುಮಾರು 5 ಕಿಲೋಮೀಟರ್ ಉದ್ದದ ನೆಲ. ರಾಜ ಒಡೆಯರು 1610ರಲ್ಲಿ ಅದನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡದ್ದು ಸುಮ್ಮನೆ ಅಲ್ಲ. ನಾಲ್ಕೂ ಕಡೆ ತಾನಾಗಿ ತುಂಬಿಕೊಳ್ಳುವ ಕಂದಕ ಬೇರೆಲ್ಲಿ ಸಿಗುತ್ತೆ?

ಆ ಕಂದಕಕ್ಕೆ ಒಂದು ಕ್ಯಾಲೆಂಡರ್ ಇತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಸೋಲಿಸಿ, ಪಟ್ಟಣ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದ. ಅಷ್ಟರಲ್ಲಿ ಮಳೆ ಹಿಡಿಯಿತು, ಹೊಳೆ ಏರಿತು. ದಾಟುವ ಜಾಗ ಹುಡುಕುತ್ತ ಕಣ್ಣಂಬಾಡಿವರೆಗೂ ಹೋದ. ಎತ್ತುಗಳು ಸತ್ತವು, ದವಸ ಮುಗಿಯಿತು. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಹೊರಟ. ನಮ್ಮ ಪಠ್ಯಪುಸ್ತಕಗಳು ಇದನ್ನೊಂದು ಸಾಲಿನಲ್ಲಿ ಮುಗಿಸುತ್ತವೆ, ಆದರೆ ಆ ವರ್ಷ ಪಟ್ಟಣವನ್ನು ಕಾಯ್ದವರಲ್ಲಿ ಕಾವೇರಿಯೂ ಇದ್ದಳು. 1799ರಲ್ಲಿ ಜನರಲ್ ಹ್ಯಾರಿಸ್‌ಗೆ ಈ ಪಾಠ ಗೊತ್ತಿತ್ತು. ಹೊಳೆ ಏರೋಕೆ ಮೊದಲೇ ಕೆಲಸ ಮುಗಿಯಬೇಕಿತ್ತು, ಸೈನ್ಯದ ದವಸವೂ ತಳ ಕಂಡಿತ್ತು. ಮೇ 4ರ ಮಧ್ಯಾಹ್ನ ಸೈನಿಕರು ಬತ್ತಿದ ಹೊಳೆಯ ಬಂಡೆಗಳ ಮೇಲೆ ನಡೆದು, ಅಲ್ಲಲ್ಲಿ ನೀರಿಗಿಳಿದು, ಒಡೆದ ಗೋಡೆಯನ್ನು ಕೆಲವೇ ನಿಮಿಷಗಳಲ್ಲಿ ಹತ್ತಿದರು. ತೆಪ್ಪ ಬೇಕಾಗಲೇ ಇಲ್ಲ. ಒಂದು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತು ಅಂತ ಕಾವೇರಿ ದಡದಲ್ಲಿ ಕೂತವರಿಗೆಲ್ಲ ಒಮ್ಮೆಯಾದರೂ ಅನ್ನಿಸಿರುತ್ತೆ.

ಪಟ್ಟಣದ ಉಸ್ತುವಾರಿ ಸಿಕ್ಕಿದ್ದು ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್‌ಗೆ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಅವನು ಹೊಳೆ ದಾಟೋಕೆ ಬುಟ್ಟಿ ದೋಣಿಗಳನ್ನೇ ಮಾಡಿಸಿ ಬಳಸಿದ. ಯುರೋಪಿನ ದೊಡ್ಡ ಸೇನಾಪತಿ ಅನ್ನಿಸಿಕೊಂಡವನ ಸೈನ್ಯವನ್ನು ನಮ್ಮ ತೆಪ್ಪಗಳು ದಾಟಿಸಿವೆ ಅನ್ನೋದು ನನಗೆ ಸ್ವಲ್ಪ ಜಂಬದ ವಿಷಯವೇ.

ಮೌನದ ಕಥೆ ಇಲ್ಲಿಂದ ಶುರು. ಟಿಪ್ಪು ಕಾಲದಲ್ಲಿ ಈ ದ್ವೀಪದ ಮೇಲೆ ಒಂದೂವರೆ ಲಕ್ಷ ಜನ ಇದ್ದರು ಅನ್ನೋದು ಆಗಿನ ಅಂದಾಜು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಉಳಿದಿದ್ದವರು ಹೆಚ್ಚುಕಮ್ಮಿ 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ಅರಮನೆಯನ್ನು ನಂಬಿ ಬದುಕಿದ್ದ ನೇಕಾರ, ಕಮ್ಮಾರ, ಸಿಪಾಯಿ, ಗುಮಾಸ್ತ ಎಲ್ಲರೂ ಗಂಟುಮೂಟೆ ಕಟ್ಟಿದರು. ಬ್ರಿಟಿಷರ ದಂಡು ಮಾತ್ರ ಕೆಲಕಾಲ ಉಳಿಯಿತು. ಆದರೆ ಚಳಿಜ್ವರ ಅವರನ್ನು ಬಿಡಲಿಲ್ಲ. ಸುತ್ತ ನೀರು, ಗದ್ದೆ, ಸೊಳ್ಳೆ. ಸೊಳ್ಳೆಗೂ ಜ್ವರಕ್ಕೂ ಇರುವ ಸಂಬಂಧ ಆಗ ಯಾರಿಗೂ ಗೊತ್ತಿಲ್ಲ, ಜಾಗದ ಗಾಳಿಯೇ ಕೆಟ್ಟದ್ದು ಅಂದ್ಕೊಂಡರು. ದಂಡು ಬೆಂಗಳೂರಿಗೆ ಹೋಯಿತು. ನೀವು ಶನಿವಾರ ಸಂಜೆ ಸುತ್ತುವ ಎಂ.ಜಿ. ರೋಡು, ಬ್ರಿಗೇಡ್ ರೋಡುಗಳ ಹುಟ್ಟಿನಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗಳ ಪಾಲೂ ಇದೆ. ಹೊಳೆ ದಂಡೆಯ ಗ್ಯಾರಿಸನ್ ಸಮಾಧಿಗಳನ್ನೂ, ಖಾಲಿ ಬಿದ್ದ ಸ್ಕಾಟ್ ಬಂಗಲೆಯನ್ನೂ ನೋಡಿದರೆ ಆ ದಿನಗಳ ಅಂದಾಜು ಸಿಗುತ್ತೆ. ಆ ಬಂಗಲೆ ಬಗ್ಗೆ ದೆವ್ವದ ಕಥೆಗಳು ಬೇಕಾದಷ್ಟಿವೆ, ಅವನ್ನು ಯೂಟ್ಯೂಬಿಗೆ ಬಿಟ್ಟುಬಿಡೋಣ. 1901ರ ಜನಗಣತಿ ಹೊತ್ತಿಗೆ ಪಟ್ಟಣದಲ್ಲಿ ಉಳಿದವರು 8,584 ಜನ.

ಅದೇ ಹೊತ್ತಿಗೆ ಅಂಬಿಗರ ಕಸುಬೂ ಕುಗ್ಗುತ್ತ ಬಂತು. 1804ರಲ್ಲಿ ದಿವಾನ್ ಪೂರ್ಣಯ್ಯ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿಸಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರು ಇಂಗ್ಲಿಷಿನದ್ದು, ಕಟ್ಟಿದ ರೀತಿ ನಮ್ಮದು: ಉದ್ದುದ್ದ ಕಲ್ಲುಕಂಬ ನಿಲ್ಲಿಸಿ ಅದರ ಮೇಲೆ ಕಲ್ಲು ಚಪ್ಪಡಿ ಹಾಸಿದ್ದಾರೆ. ಇನ್ನೂರು ವರ್ಷದ ಪ್ರವಾಹಗಳನ್ನು ತಿಂದು ಅದು ಇವತ್ತಿಗೂ ನಿಂತಿದೆ. 1880ರ ದಶಕದ ಶುರುವಿನಲ್ಲಿ ರೈಲು ಬಂತು, ಕೋಟೆಯೊಳಗಿಂದಲೇ ಹಾದು ಹೋಯಿತು. ದಾಟಿಸುವವರಿಗೆ ಈ ಕಡೆ ಕೆಲಸ ಕಮ್ಮಿಯಾಯಿತು.

ಇನ್ನೊಂದು ಮೌನ ನೀರಿನ ಕೆಳಗಿದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯೋಕೆ ಎರಡು ದಶಕ ಬೇಕಾಯಿತು. ಅದೇ ಜಾಗದಲ್ಲಿ ಕಟ್ಟೆ ಕಟ್ಟುವ ಟಿಪ್ಪುವಿನ ಆಸೆಗೆ 1794ರ ಪರ್ಷಿಯನ್ ಶಾಸನ ಸಾಕ್ಷಿ. ಕಾರ್ನ್‌ವಾಲಿಸ್ ಸುಸ್ತಾಗಿ ನಿಂತ ಕಣ್ಣಂಬಾಡಿ ಊರು ಈಗ ಇಲ್ಲ, ಅದರ ಜೊತೆ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಹೇಮಾವತಿ ಕಾವೇರಿಯನ್ನು ಕೂಡುವ ಅಂಬಿಗರಹಳ್ಳಿ ಸಂಗಮವೂ ಈಗ ಹಿನ್ನೀರಿನ ಅಂಚು. ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಬರಗಾಲದಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತಿತ್ತು. ಆಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ನಮ್ಮ ತಾತನ ತಲೆಮಾರಿನವರು 'ಕಟ್ಟೆ ತುಂಬಿದ ವರ್ಷ' ಅಂತ ಕಾಲ ಎಣಿಸುತ್ತಿದ್ದರು, ಅದರಲ್ಲಿ ಖುಷಿಯೂ ಇತ್ತು, ಹೇಳದೆ ಬಿಟ್ಟದ್ದೂ ಇತ್ತು. ಆ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯಕ್ಕೆ ಕಬ್ಬು ತಂದಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ತಂದಿತು. ಕ್ಯಾರಿಯಾಕೂವಿನಲ್ಲಿ ತೋಟಗಳು ಮುಚ್ಚಿ ಮೌನ ಬಂತು. ನಮ್ಮಲ್ಲಿ ಕಬ್ಬಿಗೆ ನೀರು ಕೊಡೋಕೆ ಹೋಗಿ ಕೆಲವು ಊರುಗಳು ಮೌನವಾದವು, ಕೆಲವು ಊರುಗಳು ಎಬ್ಬಿಸಿದಂಗೆ ಎದ್ದವು. ನಮ್ಮ ಮನೆಯ ಓದು, ನನ್ನ ಬೆಂಗಳೂರಿನ ಕೆಲಸ ಎಲ್ಲ ಆ ಎರಡನೇ ಪಟ್ಟಿಗೆ ಸೇರಿದ್ದು.

ಈಗ ನನ್ನ ಗೆಳೆಯನಿಗೆ ನಾನು ಶಿಫಾರಸು ಮಾಡುವ ದ್ವೀಪಕ್ಕೆ ಬರ್ತೀನಿ. ರಂಗನತಿಟ್ಟು. ಸ್ಕೂಲ್ ಟ್ರಿಪ್‌ನಲ್ಲಿ ನೋಡಿದೀನಿ ಬಿಡು ಅಂತ ಮೂಗು ಮುರೀಬೇಡಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ನಮ್ಮ ಹೇಮಗಿರಿಯ ಕಟ್ಟೆಯ ಜಾತಿಯದ್ದೇ. ಕಟ್ಟಿದ್ದು ಗದ್ದೆಗೆ ನೀರು ಬೇಕು ಅಂತ. ಹಿಂದೆ ನಿಂತ ನೀರಿನಲ್ಲಿ ಪುಟ್ಟ ಪುಟ್ಟ ತಿಟ್ಟುಗಳು ಉಳಿದುಕೊಂಡವು. ಮನುಷ್ಯರು ಹೋಗದ, ನರಿ-ನಾಯಿ ಸುಲಭವಾಗಿ ಈಜಿ ತಲುಪದ, ಮೊಸಳೆಗಳು ಕಾವಲಿರುವ ಜಾಗ. ಹಕ್ಕಿಗಳಿಗೆ ಇನ್ನೇನು ಬೇಕು? ಟಿಪ್ಪು ಬಿದ್ದಾಗಲೂ, ರಾಜಧಾನಿ ಖಾಲಿಯಾದಾಗಲೂ ಈ ತಿಟ್ಟುಗಳು ಕೆಲವೇ ಕಿಲೋಮೀಟರ್ ಮೇಲೆ ಇಲ್ಲೇ ಇದ್ದವು.

ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದವರು ಈ ತಿಟ್ಟುಗಳ ತುಂಬ ಗೂಡುಗಳನ್ನು ನೋಡಿ, ಇದನ್ನು ಕಾಪಾಡಿ ಅಂತ ಅರಮನೆಗೆ ಹೇಳಿದರು. 1940ರಲ್ಲಿ ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. ಈ ಹೊಳೆಯಲ್ಲಿ ಯುದ್ಧ, ಜ್ವರ, ಮುಳುಗಡೆ ತಂದ ಮೌನಗಳ ನಡುವೆ ಇದೊಂದನ್ನು ಬೇಕು ಅಂತಲೇ, ಯಾರನ್ನೂ ಓಡಿಸದೆ, ಉಳಿಸಿಕೊಂಡದ್ದು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ ಅಂತ ಗುರುತು ಸಿಕ್ಕಿದ್ದೂ ಇದಕ್ಕೇ.

ಮೌನ ಅಂದೆನಲ್ಲ, ಅದು ನಮ್ಮ ಲೆಕ್ಕದ ಮೌನ. ಬೆಳಿಗ್ಗೆ ಮೊದಲ ದೋಣಿಗೆ ಹೋಗಿ. ಹುಟ್ಟು ಹಾಕುವ ದೋಣಿ, ಎಂಜಿನ್ ಸದ್ದಿಲ್ಲ. ಬಣ್ಣದ ಕೊಕ್ಕರೆಗಳು ಮರದ ತುದಿಯಲ್ಲಿ ಗೂಡಿಗೆ ಕಡ್ಡಿ ಜೋಡಿಸುತ್ತಿರುತ್ತವೆ, ಚಮಚದ ಕೊಕ್ಕಿನವು ಇನ್ನೊಂದು ಕೊಂಬೆಗೆ ಜಗಳ ಆಡುತ್ತಿರುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಂಡೆ ಮೇಲೆ ಒಣಗಿಸಿಕೊಳ್ಳುತ್ತಿರುತ್ತವೆ. ಕಾಯಿಮಾರುಕಟ್ಟೆಯಷ್ಟು ಗದ್ದಲ. ಮನುಷ್ಯರ ಸದ್ದು ಮಾತ್ರ ಇಲ್ಲ, ನಾವು ಬಾಯಿ ಮುಚ್ಚಿಕೊಂಡಿದ್ದರೆ. ದೋಣಿ ನಡೆಸುವವರಿಗೆ ಯಾವ ಬಂಡೆ ಯಾವ ಮೊಸಳೆಯದ್ದು ಅಂತಲೂ ಗೊತ್ತು. ಹೋದ ಸಲ ನಮ್ಮ ದೋಣಿಯಲ್ಲಿದ್ದ ಹುಡುಗನೊಬ್ಬ ಮೊಸಳೆ ಕದಲಲಿ ಅಂತ ಚಪ್ಪಾಳೆ ಹೊಡೆದ. ದೋಣಿಯಣ್ಣ ಬೈಯಲಿಲ್ಲ. ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, 'ನೀವು ಸುಮ್ಕಾಗಗಂಟ ದೋಣಿ ಹೋಗಕ್ಕಿಲ್ಲ' ಅಂದ. ಎರಡು ನಿಮಿಷ ಎಲ್ಲರೂ ನೀರಿನ ಮೇಲೆ ಹಾಗೇ ಕೂತಿದ್ದೆವು. ಇಡೀ ಸವಾರಿಯಲ್ಲಿ ನನಗೆ ನೆನಪಿರೋದು ಆ ಎರಡು ನಿಮಿಷವೇ.

ಹಾಗಂತ ದೋಣಿಯ ದ್ವೀಪವೆಲ್ಲ ಸುಖದ ಜಾಗ ಅಂತ ಹೇಳಿದರೆ ಮೋಸವಾಗುತ್ತೆ. ಕೃಷ್ಣಾ ನದಿಯಲ್ಲಿ, ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ಅನ್ನೋ ನಡುಗಡ್ಡೆ ಊರುಗಳಿವೆ. ಅಲ್ಲಿಯವರಿಗೆ ತೆಪ್ಪ ಅಂದರೆ ವೀಕೆಂಡ್ ಅಲ್ಲ, ಸಂತೆಗೆ, ಆಸ್ಪತ್ರೆಗೆ ಇರುವ ದಾರಿ. ಮೇಲೆ ಡ್ಯಾಮಿನ ಗೇಟು ತೆಗೆದರೆ ಆ ದಾರಿಯೂ ಬಂದ್. ಸೇತುವೆಗಾಗಿ ಅವರು ವರ್ಷಗಟ್ಟಲೆ ಕಾದಿದ್ದಾರೆ. ಅವರ ಮುಂದೆ ನಿಂತು ಸೇತುವೆ ಬಂದ್ರೆ ಶಾಂತಿ ಹಾಳಾಗುತ್ತೆ ಅನ್ನೋ ಧೈರ್ಯ ನನಗಂತೂ ಇಲ್ಲ.

ರಂಗನತಿಟ್ಟಿನ ಶಾಂತಿಯೂ ಮೇಲಿನ ಗೇಟುಗಳ ಕೈಲೇ ಇದೆ. ಕೆ.ಆರ್.ಎಸ್. ಮಟ್ಟ 124.80 ಅಡಿ ಮುಟ್ಟಿ, ಮಳೆ ನಿಲ್ಲದಿದ್ದರೆ, ನೀರು ಬಿಡಲೇಬೇಕು. ದೋಣಿವಿಹಾರ ನಿಲ್ಲುತ್ತೆ. 2018, 2019ರ ಪ್ರವಾಹಗಳಲ್ಲಿ ತಿಟ್ಟುಗಳ ಅಂಚೇ ಕೊಚ್ಚಿಹೋಗಿ, ಮರಗಳು ಉರುಳಿ, ಅರಣ್ಯ ಇಲಾಖೆಯವರು ಮರಳಿನ ಮೂಟೆ ಪೇರಿಸಿ ದಡ ಕಟ್ಟಬೇಕಾಯ್ತು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಒಂದು ಕಟ್ಟೆ ಕೊಟ್ಟದ್ದನ್ನು ಇನ್ನೊಂದು ಕಟ್ಟೆ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುತ್ತಿದೆ.

ಬೇಸಿಗೆಯಲ್ಲಿ ಇದರ ಉಲ್ಟಾ. ಮಾರ್ಚ್ ಏಪ್ರಿಲ್ ಹೊತ್ತಿಗೆ ನೀರು ಇಳಿದು ಬಂಡೆಗಳು ಮೇಲೆ ಬರುತ್ತವೆ. ಹಳದಿ ಕೊಕ್ಕು, ಕರಿ ಟೋಪಿಯ ಹೊಳೆ ರೀವ ಹಕ್ಕಿ ಗೂಡು ಗೀಡು ಅಂತ ಏನೂ ಕಟ್ಟದೆ ಆ ಬರಿ ಬಂಡೆಯ ಮೇಲೆ, ನೀರಿಗಿಂತ ಒಂದೆರಡು ಗೇಣು ಎತ್ತರದಲ್ಲಿ, ಮೊಟ್ಟೆ ಇಡುತ್ತೆ. ಮಂಡ್ಯದ ಕಬ್ಬು ಬಾಡೋದೂ, ಕೆಳಗಿನ ಊರುಗಳ ಕುಡಿಯುವ ನೀರು ಮುಗಿಯೋದೂ ಅದೇ ತಿಂಗಳುಗಳಲ್ಲಿ. ಆಗ ಹೊಳೆಗೆ ನೀರು ಬಿಟ್ಟರೆ ರೈತರಿಗೆ ಜೀವ ಬರುತ್ತೆ, ಮೊಟ್ಟೆ ತೇಲಿ ಹೋಗುತ್ತೆ. ಎರಡೂ ಕಡೆ ನಮ್ಮವರೇ. ಗೆಳೆಯನಿಗೆ ಏಪ್ರಿಲ್‌ನಲ್ಲಿ ಬಾ ಅಂದಿದ್ದೀನಿ, ಬೆಳಿಗ್ಗೆ ಮೊದಲ ದೋಣಿಗೆ, ಬಂಡೆ ಮೇಲೆ ಮೊಟ್ಟೆ ಇನ್ನೂ ಇದ್ದರೆ ನೋಡೋಣ ಅಂತ.